ಸರ್ವರಿಗೆ ರಿಮೋಟ್ ಮ್ಯಾನೇಜ್‌ಮೆಂಟ್ ಕಾರ್ಡು ಕೂರಿಸುವುದು: ಒಂದು ಎಫ್1 ಒತ್ತಲು ಪೆರ್ಲಕ್ಕೆ ಓಡದಿರಲು

ಆಟಿ ತಿಂಗಳ ಒಂದು ಬೆಳಿಗ್ಗೆ ಏಳೂವರೆಗೆ ಫೋನು. “ಅಣ್ಣಾ, ಸರ್ವರ್ ಓಪನ್ ಆಗ್ತಾ ಇಲ್ಲ. ಎಂತದೋ ಇಂಗ್ಲಿಷಿನಲ್ಲಿ ಬರೆದು ನಿಂತಿದೆ.” “ಅಕ್ಕಾ, ಏನು ಬರೆದಿದೆ ಓದಿ ಹೇಳ್ತೀರಾ?” “ಓದುವಷ್ಟರಲ್ಲಿ ಸ್ಕ್ರೀನು ಕಪ್ಪಾಯ್ತು.” ಬದಿಯಡ್ಕದಿಂದ ಪೆರ್ಲದ ಬಸ್ಸು ಹಿಡಿದೆ. ಕೊಡೆ ಇದ್ದೂ ಒದ್ದೆಯಾಗಿ ಕಚೇರಿಗೆ ಹೋಗಿ ನೋಡಿದರೆ, ರಾತ್ರಿ ಕರೆಂಟು ಹೋಗಿ ಬಂದಿದೆ, ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತಿದೆ, ಗಡಿಯಾರ ಹಿಂದಕ್ಕೆ ಹೋಗಿದೆ. ಮುಂದುವರಿಯಲು ಎಫ್1 ಒತ್ತಿ ಎಂದು ಯಂತ್ರ ಕೇಳುತ್ತಿದೆ. ಒತ್ತಿದೆ. ಕೆಲಸ ಮುಗಿಯಿತು. ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ.

ಆ ಸರ್ವರಿಗೆ ರಿಮೋಟ್ ಮ್ಯಾನೇಜ್‌ಮೆಂಟ್ ಕಾರ್ಡು ಹಾಕಿಸಲೇಬೇಕೆಂದು ತೀರ್ಮಾನಿಸಿದ್ದು ಆ ಬಸ್‌ಸ್ಟ್ಯಾಂಡಿನಲ್ಲಿ. ಕಾಸರಗೋಡಿನ ಈ ಭಾಗದಲ್ಲಿ ಸಣ್ಣ ಸಂಘ, ಶಾಲೆ, ಪ್ರೆಸ್ಸು, ಅಡಿಕೆ ಅಂಗಡಿಗಳ ಸರ್ವರ್ ನೋಡಿಕೊಳ್ಳುವವರು ಹೆಚ್ಚಾಗಿ ಒಬ್ಬಂಟಿಗಳು. ಕುಂಬಳೆಯಲ್ಲೊಂದು, ಮುಳ್ಳೇರಿಯದಲ್ಲೊಂದು, ಮಂಜೇಶ್ವರದಲ್ಲೊಂದು ಯಂತ್ರ ಇರುತ್ತದೆ. ಅಂಥವರಿಗೆಂದು ಬರೆದದ್ದು ಇದು.

ಕಾರ್ಡು ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ಇದು ಸರ್ವರಿನೊಳಗೆ ಕೂರುವ ಇನ್ನೊಂದು ಪುಟ್ಟ ಕಂಪ್ಯೂಟರು. ಅದಕ್ಕೆ ಅದರದ್ದೇ ಪ್ರೊಸೆಸರು, ಅದರದ್ದೇ ಮೆಮೊರಿ, ಹೆಚ್ಚಿನವುಗಳಲ್ಲಿ ಒಂದು ಪುಟ್ಟ ಲಿನಕ್ಸು, ಅದರದ್ದೇ ನೆಟ್‌ವರ್ಕ್ ಪೋರ್ಟು. ಅದರ ಮುಖ್ಯ ಚಿಪ್ಪಿಗೆ ಬಿಎಂಸಿ, ಅಂದರೆ ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್ ಎಂದು ಹೆಸರು. ಸರ್ವರ್ ಆಫ್ ಆಗಿದ್ದರೂ ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಇರುವಷ್ಟು ಹೊತ್ತು ಇದು ಎಚ್ಚರ ಇರುತ್ತದೆ. ಮನೆಯಲ್ಲಿ ಕೂತು ಬಯೋಸ್ (ವಿಂಡೋಸೋ ಲಿನಕ್ಸೋ ಏಳುವ ಮೊದಲು ಬರುವ ಬೋರ್ಡಿನ ಸೆಟ್ಟಿಂಗು) ನೋಡಬಹುದು, ಆನ್ ಆಫ್ ಮಾಡಬಹುದು, ಫ್ಯಾನಿನ ವೇಗ, ಶಾಖ ಓದಬಹುದು, ಓಎಸ್ ಕೂಡ ಹೊಸದಾಗಿ ಹಾಕಬಹುದು. ಎಂದೂ ನಿದ್ದೆ ಮಾಡದ ಈ ಗುಣವೊಂದನ್ನು ನೆನಪಿಟ್ಟುಕೊಂಡರೆ ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಅರ್ಧಕ್ಕರ್ಧ ನಿಮಗೇ ಹೊಳೆಯುತ್ತವೆ.

ಯಾವ ಕಾರ್ಡು?

ಇಲ್ಲಿ ಆತುರಪಟ್ಟರೆ ದುಡ್ಡು ನೀರಿಗೆ. ಒಂದು ಕಂಪನಿಯ ಕಾರ್ಡು ಇನ್ನೊಂದಕ್ಕೆ ಆಗುವುದಿಲ್ಲ. ಒಂದೇ ಕಂಪನಿಯ ಹಳೆಯ ಮಾಡೆಲಿನದ್ದು ಹೊಸದಕ್ಕೂ ಆಗದಿರಬಹುದು.

ಕೆಲವು ಸರ್ವರುಗಳಲ್ಲಿ ಬಿಎಂಸಿ ಬೋರ್ಡಿನಲ್ಲೇ ಇರುತ್ತದೆ. ಕಾರ್ಡಿನಿಂದ ಪ್ರತ್ಯೇಕ ಪೋರ್ಟು, ರಿಮೋಟ್ ಸ್ಕ್ರೀನು ಮುಂತಾದವು ಸಿಗುತ್ತವೆ ಅಷ್ಟೆ. ಡೆಲ್‌ನ ಹಳೆಯ ಪವರ್‌ಎಡ್ಜ್ ಆರ್710ಕ್ಕೆ ಬರುತ್ತಿದ್ದ ಐಡ್ರಾಕ್6 ಎಂಟರ್‌ಪ್ರೈಸ್ ಅಂಥದ್ದು. ಎಚ್‌ಪಿಇ ಮೈಕ್ರೋಸರ್ವರ್ ಜೆನ್10 ಪ್ಲಸ್‌ಗೆ ಬೇರೆಯಾಗಿ ಕೊಳ್ಳಬೇಕಾದ ಐಎಲ್‌ಒ (ಎಚ್‌ಪಿಇ ತನ್ನ ರಿಮೋಟ್ ಮ್ಯಾನೇಜ್‌ಮೆಂಟಿಗೆ ಇಟ್ಟ ಹೆಸರು) ಕಿಟ್ ಕೂಡ ಅಂಥದ್ದೇ. ಅದಿಲ್ಲದೆ ಆ ಯಂತ್ರದಲ್ಲಿ ಐಎಲ್‌ಒ ಸಿಗುವುದಿಲ್ಲ. ಇವು ಬೋರ್ಡಿನಲ್ಲಿ ತಮಗೆಂದೇ ಇರುವ ಜಾಗದಲ್ಲಿ ಕೂರುತ್ತವೆ, ವಯರಿನ ರಗಳೆ ಕಡಿಮೆ.

ಇನ್ನೊಂದು ಬಗೆಯದ್ದು ಬಿಎಂಸಿಯನ್ನು ತನ್ನೊಳಗೇ ಹೊತ್ತು ಬರುವ ಪಿಸಿಐಇ ಕಾರ್ಡು, ಅಂದರೆ ಬೋರ್ಡಿನ ಸಾಮಾನ್ಯ ಸ್ಲಾಟಿನಲ್ಲಿ ಕೂರುವಂಥದ್ದು. ಆಸ್ಪೀಡ್ ಕಂಪನಿಯ ಎಎಸ್‌ಟಿ2600 ಚಿಪ್ಪು ಇರುವ ಆಸುಸ್‌ನ ಐಪಿಎಂಐ ಎಕ್ಸ್‌ಪಾನ್ಶನ್ ಕಾರ್ಡು ಇದಕ್ಕೆ ಉದಾಹರಣೆ. ಐಪಿಎಂಐ ಎಂದರೆ ಬಿಎಂಸಿಯೊಡನೆ ಮಾತಾಡುವ ಒಂದು ಪದ್ಧತಿ. ಅಂಗಡಿಯವರು ಜೋಡಿಸಿ ಕೊಟ್ಟ ಸರ್ವರುಗಳಿಗೆ ಇದೇ ಗತಿ. ಇದರಲ್ಲಿ ವಯರುಗಳು ಜಾಸ್ತಿ, ಹಾಗಾಗಿ ಮುಂದೆ ಹೆಚ್ಚಾಗಿ ಇದರ ಬಗ್ಗೆಯೇ ಹೇಳುತ್ತೇನೆ.

ಕೊಳ್ಳುವ ಮೊದಲು ಬೋರ್ಡಿನ ಮಾಡೆಲ್ ನಂಬರು ಬರೆದುಕೊಂಡು ತಯಾರಕರ ಹೊಂದಾಣಿಕೆ ಪಟ್ಟಿ ನೋಡಿ. ಬಯೋಸ್ ಆವೃತ್ತಿ ಇಂತಿಷ್ಟಾದರೂ ಇರಬೇಕು ಎಂಬ ಷರತ್ತು ಇದ್ದೀತು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್‌ಹ್ಯಾಂಡ್ ತರಿಸುವವರು ಎರಡು ಮಾತು ಕೇಳಿ: ಕಾರ್ಡಿನ ಜೊತೆ ಅದರ ವಯರುಗಳು ಬರುತ್ತವೆಯಾ? ರಿಮೋಟ್ ಸ್ಕ್ರೀನು ಎಚ್‌ಟಿಎಂಎಲ್5ರಲ್ಲಿ ಓಡುತ್ತದೆಯಾ, ಜಾವಾ ಬೇಕಾ? ಜಾವಾ ಮಾತ್ರ ಎಂದರೆ ನಾನಾದರೆ ಬಿಟ್ಟುಬಿಡುತ್ತೇನೆ. ಇವತ್ತಿನ ಬ್ರೌಸರುಗಳಲ್ಲಿ ಅದನ್ನು ಎಬ್ಬಿಸುವಷ್ಟರಲ್ಲಿ ಪೆರ್ಲಕ್ಕೆ ಹೋಗಿಯೇ ಬರಬಹುದು.

ಬಿಚ್ಚುವ ಮೊದಲು

ಕಚೇರಿಯ ದಿನದ ಲೆಕ್ಕ ಮುಗಿದ ಮೇಲೆಯೇ ಕೆಲಸಕ್ಕೆ ಕೈಹಾಕಿ. ಬ್ಯಾಕಪ್ ಆಗಿದೆಯೇ ಎಂದು ಕೇಳುವುದಲ್ಲ, ತೆರೆದು ನೋಡಿ. ಬೇಕಾದ ಸಾಮಾನು ಹೆಚ್ಚಿಲ್ಲ: ಎರಡನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರು, ಕೈಗೆ ಕಟ್ಟುವ ಆಂಟಿಸ್ಟ್ಯಾಟಿಕ್ ಪಟ್ಟಿ, ಟಾರ್ಚು, ಫೋಟೋ ತೆಗೆಯಲು ಮೊಬೈಲು, ಸ್ಕ್ರೂ ಹಾಕಿಡಲು ಒಂದು ಗೆರಟೆ. ಗೆರಟೆ ತಮಾಷೆಗೆ ಹೇಳಿದ್ದಲ್ಲ, ಅದರಲ್ಲಿ ಹಾಕಿದ ಸ್ಕ್ರೂ ಉರುಳಿ ಮೇಜಿನಡಿ ಹೋಗುವುದಿಲ್ಲ.

ಸರ್ವರನ್ನು ಓಎಸ್‌ನಿಂದಲೇ ಸರಿಯಾಗಿ ಶಟ್‌ಡೌನ್ ಮಾಡಿ ವಯರು ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಯಾಕೆಂದರೆ ಆಫ್ ಆದ ಯಂತ್ರದ ಬೋರ್ಡಿಗೂ ಪವರ್ ಸಪ್ಲೈ ಸಣ್ಣದೊಂದು ಸ್ಟ್ಯಾಂಡ್‌ಬೈ ಕರೆಂಟನ್ನು ಕೊಡುತ್ತಲೇ ಇರುತ್ತದೆ. ನಮ್ಮ ಕಾರ್ಡು ಬದುಕುವುದೂ ಇಂಥ ಸ್ಟ್ಯಾಂಡ್‌ಬೈ ಕರೆಂಟಿನಲ್ಲೇ.

ಇದನ್ನು ನಾನು ಕಲಿತದ್ದು ಒಂದು ಕಾರ್ಡು ಸುಟ್ಟು. ಆ ಸರ್ವರಿಗೆ ಎರಡು ಪವರ್ ಸಪ್ಲೈ. ಒಂದರ ವಯರು ಎದುರಿಗೇ ಕಾಣುತ್ತಿತ್ತು, ಕಿತ್ತೆ. ಎರಡನೆಯದು ರ‍್ಯಾಕಿನ ಹಿಂದೆ ಬೇರೊಂದು ಯುಪಿಎಸ್‌ಗೆ ಹೋಗಿತ್ತು. ಬೋರ್ಡಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಹಸಿರು ದೀಪ ಉರಿಯುತ್ತಿತ್ತು. ಕಂಡಿದ್ದೆ, ಕಂಡೂ ಕೈಹಾಕಿದೆ. ಕಾರ್ಡು ಸ್ಲಾಟಿಗೆ ಅರ್ಧ ಇಳಿದಾಗ ಚಿಟ್ ಎಂದು ಒಂದು ಸದ್ದು, ಆಮೇಲೆ ಬಿಸಿ ವಾಸನೆ. ತಪ್ಪು ಪೂರ್ತಿ ನನ್ನದೇ, ದುಡ್ಡೂ ನನ್ನ ಕೈಯಿಂದಲೇ ಹೋಯಿತು. ಅಂದಿನಿಂದ ಎಲ್ಲ ವಯರು ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಆ ದೀಪ ಆರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮುಚ್ಚಳಕ್ಕೆ ಕೈ.

ನಮ್ಮ ಹವೆಗೆ ಸಂಬಂಧಿಸಿದ ಇನ್ನೊಂದು ಮಾತು. ಎಸಿ ರೂಮಿನಲ್ಲಿ ತಣ್ಣಗಿದ್ದ ಸರ್ವರನ್ನು ಮಳೆಗಾಲದಲ್ಲಿ ಹೊರಗಿನ ಜಗಲಿಗೆ ತಂದು ಬಿಚ್ಚಬೇಡಿ. ಫ್ರಿಜ್ಜಿನಿಂದ ತೆಗೆದ ಬಾಟ್ಲಿಯ ಮೇಲೆ ನೀರು ಕೂರುವಂತೆ ಬೋರ್ಡಿನ ಮೇಲೂ ಕೂರುತ್ತದೆ. ಒಳಗೇ ಕೆಲಸ ಮಾಡಿ. ಹೊರಗೆ ತರಲೇಬೇಕಾದರೆ ಮುಚ್ಚಳ ಹಾಕಿಯೇ ಒಂದೆರಡು ಗಂಟೆ ಇಟ್ಟು ಆಮೇಲೆ ತೆರೆಯಿರಿ. ಮಳೆಗಾಲದ ತೇವದಲ್ಲಿ ಸ್ಟ್ಯಾಟಿಕ್ ಕಾಟ ಕಡಿಮೆ ಎನ್ನುವುದು ನಿಜ, ಆದರೂ ಕೈಪಟ್ಟಿ ಬಿಡಬೇಡಿ. ಅಭ್ಯಾಸ ತಪ್ಪಿದರೆ ಡಿಸೆಂಬರಿನಲ್ಲಿಯೂ ಮರೆಯುತ್ತೀರಿ.

ಕಾರ್ಡು, ಆಮೇಲೆ ವಯರುಗಳು

ಮುಚ್ಚಳ ತೆಗೆದ ಕೂಡಲೇ ನಾಲ್ಕು ಫೋಟೋ ತೆಗೆದಿಡಿ. ಸ್ಲಾಟುಗಳನ್ನು ಟಾರ್ಚು ಹಾಕಿ ನೋಡಿ. ನಗಬೇಡಿ, ಒಂದು ಕಡೆ ಖಾಲಿ ಸ್ಲಾಟಿನ ಹಿಂದೆ ಎರಡು ಹಲ್ಲಿ ಮೊಟ್ಟೆ ಸಿಕ್ಕಿದ್ದವು. ಹಿಂಬದಿಯ ತಗಡಿನ ಪಟ್ಟಿಯನ್ನು ಯಾರೋ ಕಿತ್ತು ಹಾಗೇ ಬಿಟ್ಟಿದ್ದರು, ಬೆಚ್ಚಗಿನ ಜಾಗ, ಹಲ್ಲಿಗೆ ಇನ್ನೇನು ಬೇಕು? ಧೂಳನ್ನು ಬ್ಲೋವರಿನಿಂದ ಹಾರಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ.

ಎಕ್ಸ್1 ಕಾರ್ಡು ಎಕ್ಸ್4, ಎಕ್ಸ್8, ಎಕ್ಸ್16 ಯಾವ ಉದ್ದದ ಸ್ಲಾಟಿನಲ್ಲಿಯೂ ಕೂರುತ್ತದೆ. ಆದರೆ ಕೆಲವು ಬೋರ್ಡುಗಳಲ್ಲಿ ಒಂದು ಸ್ಲಾಟು ತುಂಬಿದರೆ ಎಂ.2 ಡಿಸ್ಕಿನ ಜಾಗವೋ ಸಾಟಾ ಪೋರ್ಟೋ ಬಂದ್ ಆಗುತ್ತದೆ, ಮ್ಯಾನ್ಯುವಲಿನಲ್ಲಿ ಬರೆದಿರುತ್ತದೆ. ತೆಳ್ಳಗಿನ ಕೇಸ್ ಆದರೆ ಕಾರ್ಡಿನ ಉದ್ದ ಪಟ್ಟಿ ಬಿಚ್ಚಿ ಗಿಡ್ಡ ಪಟ್ಟಿ ಹಾಕಿಕೊಳ್ಳಿ. ಕಾರ್ಡನ್ನು ಅಂಚಿನಲ್ಲಿ ಹಿಡಿದು, ಚಿನ್ನದ ಬಣ್ಣದ ಕಾಲುಗಳನ್ನು ಮುಟ್ಟದೆ, ಎರಡೂ ಬದಿಗೆ ಸಮನಾಗಿ ಭಾರ ಕೊಟ್ಟು ನೇರ ಕೆಳಗೆ ಒತ್ತಿ. ಕೂತಿತೆಂದು ಕೈಗೇ ಗೊತ್ತಾಗುತ್ತದೆ. ಸ್ಕ್ರೂ ಬಿಗಿದ ಮೇಲೆ ಮತ್ತೊಮ್ಮೆ ಬಗ್ಗಿ ನೋಡಿ, ಬಿಗಿಯುವಾಗ ಹಿಂದಿನ ತುದಿ ಮೇಲೆದ್ದು ಬರುವುದುಂಟು.

ಈಗ ವಯರು. ನಿಧಾನ ಬೇಕಾದದ್ದು ಇಲ್ಲಿ.

ಕೇಸಿನ ಪವರ್ ಬಟನ್ನು, ರೀಸೆಟ್ ಬಟನ್ನುಗಳ ವಯರು ಈಗ ಬೋರ್ಡಿನ ಫ್ರಂಟ್ ಪ್ಯಾನೆಲ್ ಪಿನ್ನುಗಳಿಗೆ ಹೋಗಿದೆಯಲ್ಲ, ಅದನ್ನು ಅಲ್ಲಿಂದ ಕಿತ್ತು ಕಾರ್ಡಿಗೆ ಕೊಡಬೇಕು. ಕಾರ್ಡಿನಿಂದ ಬರುವ ವಯರನ್ನು ಬೋರ್ಡಿನ ಆ ಪಿನ್ನುಗಳಿಗೆ ಕೊಡಬೇಕು. ಅಂದರೆ ಬಟನ್ನಿಗೂ ಬೋರ್ಡಿಗೂ ನಡುವೆ ಕಾರ್ಡು ಕೂತಿತು. ನೀವು ಮನೆಯಿಂದ ‘ಆನ್’ ಒತ್ತಿದಾಗ ಅದು ಬಟನ್ ಒತ್ತಿದಂತೆ ನಟಿಸುತ್ತದೆ, ಅಷ್ಟೇ ಗುಟ್ಟು. ಬಟನ್ನಿನ ಎರಡು ವಯರು ತಿರುಗುಮುರುಗಾದರೂ ನಡೆಯುತ್ತದೆ, ದೀಪದ ವಯರು ತಿರುಗಿದರೆ ದೀಪ ಉರಿಯುವುದಿಲ್ಲ.

ಯುಎಸ್‌ಬಿ ವಯರು ಕಾರ್ಡಿನಿಂದ ಬೋರ್ಡಿನ ಒಂಬತ್ತು ಪಿನ್ನಿನ ಯುಎಸ್‌ಬಿ 2.0 ಹೆಡರಿಗೆ. ರಿಮೋಟ್ ಕೀಬೋರ್ಡು, ಮೌಸು, ದೂರದಿಂದ ತೋರಿಸುವ ಸಿಡಿ ಎಲ್ಲ ಈ ದಾರಿಯಲ್ಲೇ ಬರುವುದು. ಇದರಲ್ಲಿ ಒಂದು ಪಿನ್ ಇಲ್ಲದ ಮೂಲೆ ಇರುತ್ತದೆ, ಕನೆಕ್ಟರಿನಲ್ಲಿ ಅದೇ ಮೂಲೆಯ ತೂತು ಮುಚ್ಚಿರುತ್ತದೆ. ಎರಡನ್ನೂ ಹೊಂದಿಸಿ. ಒಂದು ಸಾಲು ಆಚೀಚೆ ಆದರೆ 5 ವೋಲ್ಟು ಹೋಗಬಾರದ ಕಡೆ ಹೋಗುತ್ತದೆ, ಆಮೇಲೆ ಹೇಳಿ ಪ್ರಯೋಜನವಿಲ್ಲ.

ಶಾಖ, ಫ್ಯಾನುಗಳ ವಿವರ ಓದಲು ಎಸ್‌ಎಂಬಸ್ ವಯರು ಇರುತ್ತದೆ. ನಿಮ್ಮ ಬೋರ್ಡಿನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಆ ಅಂಕಿಗಳು ಸಿಗುವುದಿಲ್ಲ, ಆನ್ ಆಫ್ ಮತ್ತು ಸ್ಕ್ರೀನು ಸಿಗುತ್ತವೆ. ವಯರುಗಳನ್ನು ಫ್ಯಾನಿಗೆ ತಾಗದಂತೆ ಕಟ್ಟಿ, ಹೊಸ ಫೋಟೋ ತೆಗೆದು ಮುಚ್ಚಿ.

ಮೊದಲ ಕರೆಂಟು

ಕಾರ್ಡಿನ ಪೋರ್ಟಿಗೆ ಬೇರೆಯೇ ಒಂದು ನೆಟ್‌ವರ್ಕ್ ಕೇಬಲ್ ಹಾಕಿ, ಬಣ್ಣ ಬೇರೆ ಇದ್ದರೆ ಒಳ್ಳೆಯದು. ಪ್ಲಗ್ ಹಾಕಿ, ಆದರೆ ಪವರ್ ಬಟನ್ ಒತ್ತಬೇಡಿ. ಕಾರ್ಡಿನ ಲಿನಕ್ಸು ಏಳಲು ಒಂದೆರಡು ನಿಮಿಷ ಬೇಕು. ಎದ್ದ ಮೇಲೆ ಅದರ ದೀಪ ನಾಡಿ ಬಡಿದಂತೆ ಒಂದೇ ಲಯದಲ್ಲಿ ಮಿಣುಕುತ್ತದೆ. ಆಮೇಲೆ ಸರ್ವರ್ ಆನ್ ಮಾಡಿ ಬಯೋಸಿಗೆ ಹೋಗಿ.

ಬಯೋಸಿನಲ್ಲಿ ನೋಡಬೇಕಾದದ್ದು ಮೂರು. ಮೊದಲನೆಯದು ಇಆರ್‌ಪಿ ಎಂಬ ವಿದ್ಯುತ್ ಉಳಿತಾಯದ ಆಯ್ಕೆ. ಇದು ಆನ್ ಇದ್ದರೆ ಯಂತ್ರ ಆಫ್ ಆದಾಗ ಸ್ಲಾಟಿನ ಸ್ಟ್ಯಾಂಡ್‌ಬೈ ಕರೆಂಟೂ ಹೋಗಬಹುದು, ಕಾರ್ಡೂ ಸಾಯುತ್ತದೆ. ಆಫ್ ಮಾಡಿ. ‘ಸರ್ವರ್ ಆನ್ ಇದ್ದಾಗ ಕಾರ್ಡು ಸಿಗುತ್ತದೆ, ಆಫ್ ಆದಾಗ ಸಿಗುವುದಿಲ್ಲ’ ಎಂದು ಯಾರಾದರೂ ಗೋಳು ಹೇಳಿದರೆ ನಾನು ಮೊದಲು ಕೇಳುವುದು ಇದನ್ನೇ. ಎರಡನೆಯದು ಪ್ರೈಮರಿ ಡಿಸ್‌ಪ್ಲೇ. ಅದು ಬೇರೆ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದ್ದರೆ ರಿಮೋಟ್ ಸ್ಕ್ರೀನು ಕಪ್ಪಾಗಿಯೇ ಇರುತ್ತದೆ. ನಮ್ಮ ಕಾರ್ಡಿನ ಕಡೆ ತಿರುಗಿಸಿ.

ಮೂರನೆಯದು, ಕರೆಂಟು ಹೋಗಿ ಬಂದಾಗ ಏನು ಮಾಡಬೇಕು ಎಂಬ ಆಯ್ಕೆ. ‘ತಾನಾಗಿ ಆನ್ ಆಗಲಿ’ ಎಂದು ಇಡುವುದು ಸಾಮಾನ್ಯ ಸಲಹೆ. ನಾನು ಒಪ್ಪುವುದಿಲ್ಲ. ಮಳೆಗಾಲ ಶುರುವಾಗುವಾಗ ನಮ್ಮಲ್ಲಿ ಒಂದು ಮರದ ಗೆಲ್ಲು ತಂತಿಗೆ ತಾಗಿದರೆ ಕರೆಂಟು ಹತ್ತು ನಿಮಿಷದಲ್ಲಿ ಐದು ಸಲ ಹೋಗಿ ಬರುತ್ತದೆ. ಬ್ಯಾಟರಿ ಇಳಿದ ಯುಪಿಎಸ್‌ನಲ್ಲಿ ಐದೂ ಸಲ ಸರ್ವರ್ ಎದ್ದು ಬಿದ್ದರೆ ಡೇಟಾಬೇಸಿನ ಗತಿ ಕೇಳುವುದೇ ಬೇಡ. ಈಗ ಕಾರ್ಡು ಇದೆಯಲ್ಲ. ‘ಆಫ್ ಆಗಿಯೇ ಇರಲಿ’ ಎಂದು ಇಡಿ. ಲೈನು ನೆಟ್ಟಗಾದ ಮೇಲೆ ಮನೆಯಿಂದ ನೀವೇ ಎಬ್ಬಿಸಿ.

ಇನ್ನು ಐಪಿ ವಿಳಾಸ. ರೂಟರ್ ಹಂಚಿದ್ದನ್ನು ನಂಬಬೇಡಿ, ಸ್ಥಿರ ವಿಳಾಸ ಕೊಡಿ, ಉದಾಹರಣೆಗೆ 192.168.50.10. ಆ ಅಂಕಿ ರೂಟರ್ ಹಂಚುವ ಶ್ರೇಣಿಯ ಹೊರಗಿರಲಿ. ಬೋರ್ಡಿನಲ್ಲೇ ಬಿಎಂಸಿ ಇರುವ ಯಂತ್ರಗಳಲ್ಲಿ ಇನ್ನೊಂದು ಗುಂಡಿ ಇದೆ. ಮ್ಯಾನೇಜ್‌ಮೆಂಟ್ ಪೋರ್ಟಿಗೆ ಕೇಬಲ್ ಇಲ್ಲದಿದ್ದರೆ ಕೆಲವು ಮಾಡೆಲುಗಳು ಸದ್ದಿಲ್ಲದೆ ಸರ್ವರಿನ ಸಾಮಾನ್ಯ ಲ್ಯಾನ್ ಪೋರ್ಟನ್ನೇ ಹಂಚಿಕೊಳ್ಳುತ್ತವೆ. ‘ಡೆಡಿಕೇಟೆಡ್’ ಎಂದು ಆರಿಸಿ ಅದನ್ನು ಕಟ್ಟಿಹಾಕಿ.

ಬ್ರೌಸರಿನಲ್ಲಿ ವಿಳಾಸ ಹೊಡೆದರೆ ಸರ್ಟಿಫಿಕೇಟ್ ಸರಿ ಇಲ್ಲ ಎಂಬ ಎಚ್ಚರಿಕೆ ಬರುತ್ತದೆ, ಕಾರ್ಡು ತಾನೇ ಬರೆದುಕೊಂಡ ಸರ್ಟಿಫಿಕೇಟು ಅದು. ಒಳಗೆ ಹೋದ ಕೂಡಲೇ ಪಾಸ್‌ವರ್ಡು ಬದಲಿಸಿ. ಡೆಲ್‌ನ ಹಳೆಯ ಯಂತ್ರಗಳಲ್ಲಿ ಹೆಸರು ರೂಟ್, ಪಾಸ್‌ವರ್ಡು ಕ್ಯಾಲ್ವಿನ್; ಸೂಪರ್‌ಮೈಕ್ರೋದ ಹಳೆಯವುಗಳಲ್ಲಿ ಎರಡೂ ಅಡ್ಮಿನ್. ಇದು ಜಗತ್ತಿಗೇ ಗೊತ್ತು. ಹೊಸದನ್ನು ಉದ್ದ ಇಡಿ, ಆದರೆ ಐಪಿಎಂಐ 2.0ರಲ್ಲಿ 20 ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಸಮಯವನ್ನು ಭಾರತದ 5.30ಕ್ಕೆ ಹೊಂದಿಸಿ, ಇಲ್ಲವಾದರೆ ರಾತ್ರಿ ಮೂರಕ್ಕೆ ಆದದ್ದನ್ನು ಲಾಗ್ ಹಿಂದಿನ ದಿನದ ರಾತ್ರಿ ಒಂಬತ್ತೂವರೆ ಎನ್ನುತ್ತದೆ.

ಫರ್ಮ್‌ವೇರ್, ಅಂದರೆ ಕಾರ್ಡಿನೊಳಗಿನ ತಂತ್ರಾಂಶದ ಅಪ್‌ಡೇಟ್ ಆ ದಿನವೇ ಮಾಡಿ, ಆದರೆ ಗುಡುಗು ಕೇಳುತ್ತಿರುವಾಗ ಬೇಡ. ನಡುವೆ ಕರೆಂಟು ಹೋದರೆ ಕಾರ್ಡು ಬರಿಯ ತಗಡು.

ಬೇಲಿ

ನಿದ್ದೆ ಮಾಡದ ಯಂತ್ರ ಕಳ್ಳನಿಗೂ ನಿದ್ದೆ ಮಾಡದೆ ಬಾಗಿಲು ತೆರೆಯುತ್ತದೆ. ಐಪಿಎಂಐ ಎಂಬ ಪದ್ಧತಿಯನ್ನು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ ತಂದದ್ದು 1998ರಲ್ಲಿ, 2.0 ಆವೃತ್ತಿ ಬಂದದ್ದು 2004ರಲ್ಲಿ. ಅದರ ರಚನೆಯಲ್ಲೇ ಒಂದು ಹುಳುಕಿದೆ: ಲಾಗಿನ್ ಆಗುವ ಮೊದಲೇ, ಬಳಕೆದಾರನ ಹೆಸರು ಹೇಳಿ ಕೇಳಿದವನಿಗೆ ಪಾಸ್‌ವರ್ಡಿನ ಹ್ಯಾಶ್, ಅಂದರೆ ಪಾಸ್‌ವರ್ಡನ್ನು ಕಲಸಿ ಮಾಡಿದ ಗುರುತನ್ನು, ಕೊಟ್ಟುಬಿಡುತ್ತದೆ. ಅದನ್ನು ಮನೆಗೆ ಒಯ್ದು ನಿಧಾನವಾಗಿ ಒಡೆಯಬಹುದು. 2018ರಲ್ಲಿ ಜಂಗಲ್‌ಸೆಕ್ ಎಂಬ ಸುಲಿಗೆ ವೈರಸ್ ಸರ್ವರುಗಳಿಗೆ ನುಗ್ಗಿದ್ದು ಇಂಥ ತೆರೆದ ಐಪಿಎಂಐ ದಾರಿಯಲ್ಲಿ. ಬಹಳ ಕಂಪನಿಗಳ ಬಿಎಂಸಿಗಳಲ್ಲಿ ಇರುವ ಎಎಂಐನ ಮೆಗಾರಾಕ್ ತಂತ್ರಾಂಶದಲ್ಲಿ ಪಾಸ್‌ವರ್ಡೇ ಇಲ್ಲದೆ ಒಳನುಗ್ಗಬಹುದಾದ ದೋಷ 2025ರ ಮಾರ್ಚಿನಲ್ಲಿ ಬಯಲಾಯಿತು. ಅದನ್ನು ಕಳ್ಳರು ಬಳಸುತ್ತಿದ್ದಾರೆಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಜೂನಿನಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಹಾಗಾಗಿ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಕಾರ್ಡನ್ನು ನೇರವಾಗಿ ಇಂಟರ್ನೆಟ್ಟಿಗೆ ತೋರಿಸಬೇಡಿ. ಒಂದು ದಿನಕ್ಕೂ ಬೇಡ, ‘ಪರೀಕ್ಷೆಗೆ’ ಎಂದೂ ಬೇಡ. ಬ್ರೌಸರ್ ಸಾಕಾಗುವುದಾದರೆ ಲ್ಯಾನ್ ಮೇಲಿನ ಐಪಿಎಂಐ, ಅಂದರೆ ಯುಡಿಪಿ 623, ಬಂದ್ ಮಾಡಿ. ಸ್ವಿಚ್ಚಿನಲ್ಲಿ ವಿಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ಬೇರೆ ಬೇರೆ ನೆಟ್‌ವರ್ಕು ಮಾಡುವ) ಸೌಲಭ್ಯ ಇದ್ದರೆ ಕಾರ್ಡಿಗೆ ಬೇರೆಯೇ ಒಂದು ಕೊಡಿ, ಕಚೇರಿಯ ಕಂಪ್ಯೂಟರುಗಳಿಗೆ ಅದು ಕಾಣದಿರಲಿ. ಹೊರಗಿನಿಂದ ಬರಲು ವೈರ್‌ಗಾರ್ಡ್‌ನಂಥ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೆ ಬೀಗ ಹಾಕಿದ ಖಾಸಗಿ ದಾರಿ ಮಾತ್ರ.

ಇಲ್ಲೊಂದು ತೊಡಕು. ನಮ್ಮ ಫೈಬರ್ ಕನೆಕ್ಷನುಗಳಲ್ಲಿ ಎಷ್ಟೋ ಮನೆಗಳಿಗೆ ಸೇರಿ ಒಂದೇ ಹೊರ ಐಪಿ ಕೊಟ್ಟಿರುವುದು ಹೆಚ್ಚು. ಹೊರಗಿನಿಂದ ನೀವು ಕರೆದರೆ ಕರೆ ಮುಟ್ಟುವುದೇ ಇಲ್ಲ. ಸ್ಥಿರ ಐಪಿಗೆ ದುಡ್ಡು ಕೊಡಬೇಕು, ಇಲ್ಲವೇ ಕಚೇರಿಯ ರೂಟರೇ ಹೊರಗಿನ ಒಂದು ಸಣ್ಣ ಬಾಡಿಗೆ ಸರ್ವರಿಗೆ ವಿಪಿಎನ್ ಹಾಕಿಕೊಂಡು ಕಾಯುವಂತೆ ಮಾಡಬೇಕು. ನಾನು ಮಾಡಿದ್ದು ಎರಡನೆಯದು.

ಎಲ್ಲರೂ ಮರೆಯುವುದು ಇನ್ನೊಂದಿದೆ. ಸರ್ವರಿಗೆ ಯುಪಿಎಸ್ ಇದೆ, ಸರಿ. ಫೈಬರ್ ಮೋಡೆಮ್ಮಿಗೆ, ರೂಟರಿಗೆ, ಸ್ವಿಚ್ಚಿಗೆ? ಅವು ಗೋಡೆಯ ಪ್ಲಗ್ಗಿನಲ್ಲೇ ಇದ್ದರೆ, ಕರೆಂಟು ಹೋದಾಗ ಕಾರ್ಡು ಎಚ್ಚರವಾಗಿಯೇ ಇರುತ್ತದೆ, ನಿಮಗೆ ಸಿಗುವುದಿಲ್ಲ. ಆ ಮೂರನ್ನೂ ಯುಪಿಎಸ್‌ಗೆ ತನ್ನಿ.

ಸಿಡಿಲಿನ ವಿಷಯ ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಹೊಸ ಕೇಬಲ್ ಎಂದರೆ ಸಿಡಿಲಿಗೆ ಇನ್ನೊಂದು ತಾಮ್ರದ ದಾರಿ. ಈಥರ್ನೆಟ್ ಪೋರ್ಟಿನ ಒಳಗಿರುವ ಪುಟ್ಟ ಟ್ರಾನ್ಸ್‌ಫಾರ್ಮರು ತಡೆಯುವುದು 1500 ವೋಲ್ಟಿನ ಲೆಕ್ಕ, ಸಿಡಿಲು ಆ ಲೆಕ್ಕಕ್ಕೆ ಸಿಗುವುದಲ್ಲ. ಕಾರ್ಡಿನ ಕೇಬಲ್ಲನ್ನು ಆ ಕೋಣೆಯ ಸ್ವಿಚ್ಚಿನಲ್ಲೇ ಮುಗಿಸಿ. ಇನ್ನೊಂದು ಕಟ್ಟಡಕ್ಕೆ ಹೋಗಬೇಕಾದರೆ ತಾಮ್ರ ಬೇಡ, ಫೈಬರ್ ಎಳೆಯಿರಿ.

ಅಲ್ಲೇ ನಿಂತು ಪರೀಕ್ಷೆ

ಕಚೇರಿಯಿಂದ ಹೊರಡುವ ಮೊದಲು, ಸರ್ವರಿನ ಪಕ್ಕದಲ್ಲೇ ನಿಂತು, ಮೊಬೈಲಿನ ಡೇಟಾದಲ್ಲಿ ವಿಪಿಎನ್ ಮೂಲಕ ಒಳಗೆ ಬನ್ನಿ. ಸರ್ವರನ್ನು ಓಎಸ್‌ನಿಂದ ಆಫ್ ಮಾಡಿ, ಕಾರ್ಡಿನಿಂದ ಆನ್ ಮಾಡಿ. ರಿಮೋಟ್ ಸ್ಕ್ರೀನಿನಲ್ಲಿ ಬಯೋಸಿಗೆ ಹೋಗಿ ಬನ್ನಿ. ಕೀಬೋರ್ಡು ಕೆಲಸ ಮಾಡದಿದ್ದರೆ ಯುಎಸ್‌ಬಿ ವಯರು ಸಡಿಲ. ಬಟನ್ನು ತಲೆಕೆಳಗಾಗಿ ಕೆಲಸ ಮಾಡಿದರೆ, ಅಂದರೆ ಪವರ್ ಒತ್ತಿದಾಗ ರೀಸೆಟ್ ಆದರೆ, ಪಿನ್ನು ಅದಲುಬದಲಾಗಿದೆ. ಮತ್ತೆ ಪ್ಲಗ್ ಕಿತ್ತು, ಮತ್ತೆ ಹಸಿರು ದೀಪ ಆರಲು ಕಾದು ಬಿಚ್ಚಬೇಕು.

ದೂರದಿಂದ ಓಎಸ್ ಹಾಕುವ ಆಸೆ ಇದ್ದವರಿಗೆ ಒಂದು ಲೆಕ್ಕ. ಓಎಸ್ ಹಾಕುವ ಸಿಡಿಯ ಪ್ರತಿಯಾದ ಐಎಸ್‌ಒ ಫೈಲು ನಿಮ್ಮ ಲ್ಯಾಪ್‌ಟಾಪಿನಲ್ಲಿದ್ದರೆ ಅದು ಹೋಗುವುದು ನಿಮ್ಮ ಮನೆಯ ಅಪ್‌ಲೋಡ್ ವೇಗದಲ್ಲಿ. 4 ಜಿಬಿ ಫೈಲಿಗೆ 10 ಎಂಬಿಪಿಎಸ್‌ನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ, ಅದೂ ನಡುವೆ ಕಡಿಯದಿದ್ದರೆ. ಫೈಲನ್ನು ಮೊದಲೇ ಕಚೇರಿಯ ಇನ್ನೊಂದು ಕಂಪ್ಯೂಟರಿನಲ್ಲಿ ಇಟ್ಟು, ಕಾರ್ಡಿಗೆ ಆ ನೆಟ್‌ವರ್ಕ್ ಫೋಲ್ಡರ್ ತೋರಿಸಿ. ಹೆಚ್ಚಿನ ಕಾರ್ಡುಗಳಿಗೆ ಅದು ಬರುತ್ತದೆ.

ಸರ್ವರ್ ಸ್ತಬ್ಧವಾದರೆ ಮೊದಲು ಮೆದುವಾದ ಶಟ್‌ಡೌನ್ ಆಯ್ಕೆ ಒತ್ತಿ ಐದು ನಿಮಿಷ ಕಾಯಿರಿ, ರೀಸೆಟ್ ಕೊನೆಗೆ. ಕಾರ್ಡಿನ ಪುಟವೇ ತೆರೆಯದಿದ್ದರೆ ಬಿಎಂಸಿಯನ್ನು ಮಾತ್ರ ರೀಸ್ಟಾರ್ಟ್ ಮಾಡಬಹುದು, ಸಾಮಾನ್ಯವಾಗಿ ಅದರಿಂದ ಓಡುತ್ತಿರುವ ಸರ್ವರಿಗೆ ಏನೂ ಆಗುವುದಿಲ್ಲ.

ಕಾರ್ಡಿನ ಮಾಡೆಲು, ಐಪಿ, ಪಾಸ್‌ವರ್ಡು ಬರೆದ ಹಾಳೆಯನ್ನು ಲಕೋಟೆಯಲ್ಲಿ ಅಂಟಿಸಿ ಕಚೇರಿಯ ತಿಜೋರಿಯಲ್ಲಿ ಇಡಲು ಕೊಡಿ. ಪಾಸ್‌ವರ್ಡನ್ನು ಸರ್ವರಿಗೆ ಅಂಟಿಸಿ ಹೋಗುವವರನ್ನೂ ನೋಡಿದ್ದೇನೆ.

ಅಂಟಿಸಬೇಕಾದದ್ದು ಬೇರೆ. ಪೆರ್ಲದ ಆ ಕಚೇರಿಯಲ್ಲಿ ಕಾರ್ಡು ಹಾಕಿ ಎರಡನೇ ವಾರ ಸಂಪರ್ಕ ಸಿಗಲಿಲ್ಲ. ಫೋನು ಮಾಡಿದರೆ, ಗುಡಿಸುವಾಗ ಕಾಲಿಗೆ ಸಿಕ್ಕಿದ ‘ಆ ಹಳದಿ ವಯರ’ನ್ನು ಯಾರೋ ತೆಗೆದು ಸುತ್ತಿ ಇಟ್ಟಿದ್ದಾರೆ! ಅಕ್ಕ ಫೋನಿನಲ್ಲೇ ಕೇಳಿ ಮತ್ತೆ ಚುಚ್ಚಿದರು. ಈಗ ಆ ಕೇಬಲ್ಲಿನ ಎರಡೂ ತುದಿಗೆ ದಪ್ಪ ಚೀಟಿ ಕಟ್ಟಿದ್ದೇನೆ. ಒಂದು ಬದಿಯಲ್ಲಿ ಕನ್ನಡದಲ್ಲಿ ‘ಕೀಳಬೇಡಿ’, ಇನ್ನೊಂದು ಬದಿಯಲ್ಲಿ ಮಲಯಾಳದಲ್ಲಿ ‘ಊರರುದ್’.